ಒಂದೇ ಗಿಡ, ಎರಡು ಕಾನೂನು: ಅಮೆರಿಕದಲ್ಲಿ ಗಾಂಜಾ ಬಳಸುವ ರೋಗಿಗಳ ಮೇಲಿನ ಮೊಕದ್ದಮೆಗಳ ಹಿನ್ನೆಲೆ

ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಇಂದು ವೈದ್ಯರ ಶಿಫಾರಸಿನ ಮೇಲೆ ಗಾಂಜಾ ಬಳಸುವುದು ಅಪರಾಧವಲ್ಲ. ಅದೇ ರೋಗಿ ಅದೇ ಮನೆಯಲ್ಲಿ ಅದೇ ಗಿಡವನ್ನು ಇಟ್ಟುಕೊಂಡಿದ್ದಕ್ಕೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕಾನೂನಿನ ದೃಷ್ಟಿಯಲ್ಲಿ ಮಾತ್ರ ಅಪರಾಧಿಯಾಗುತ್ತಾನೆ. ಈ ವಿರೋಧಾಭಾಸ ಆಕಸ್ಮಿಕವಾಗಿ ಹುಟ್ಟಿದ್ದಲ್ಲ. ರಾಜ್ಯಗಳು ರೋಗಿಗೆ ಕೊಟ್ಟದ್ದು ಬಹುಮಟ್ಟಿಗೆ ‘ನಾವು ಶಿಕ್ಷಿಸುವುದಿಲ್ಲ’ ಎಂಬ ಭರವಸೆಯನ್ನಷ್ಟೇ. ಆ ಭರವಸೆ ಫೆಡರಲ್ ಸರ್ಕಾರಿ ವಕೀಲರನ್ನಾಗಲಿ, ಕೆಲಸ ಕೊಟ್ಟ ಕಂಪನಿಯನ್ನಾಗಲಿ, ಮನೆ ಬಾಡಿಗೆಗೆ ಕೊಟ್ಟವರನ್ನಾಗಲಿ ಕಟ್ಟಿಹಾಕುವುದಿಲ್ಲ ಎಂಬುದು ಒಂದೊಂದೇ ಮೊಕದ್ದಮೆಯಲ್ಲಿ ಬಯಲಾಗುತ್ತಾ ಬಂದಿದೆ.

ನಿಷೇಧದ ಬೇರು 1937ರ ಗಾಂಜಾ ತೆರಿಗೆ ಕಾಯ್ದೆಯಲ್ಲಿದೆ. ಅಮೆರಿಕನ್ ವೈದ್ಯಕೀಯ ಸಂಘದ ಪರವಾಗಿ ವಿಲಿಯಂ ವುಡ್‌ವರ್ಡ್ ಅವರು ಸಂಸತ್ತಿನ ಸಮಿತಿಯ ಮುಂದೆ ಆ ಮಸೂದೆಯನ್ನು ವಿರೋಧಿಸಿದ್ದರು. ಅವರ ಮಾತಿಗೆ ಬೆಲೆ ಸಿಗಲಿಲ್ಲ. 1970ರ ನಿಯಂತ್ರಿತ ವಸ್ತುಗಳ ಕಾಯ್ದೆಯು ಗಾಂಜಾವನ್ನು ಹೆರಾಯಿನ್ ಜೊತೆ ಮೊದಲನೇ ಷೆಡ್ಯೂಲಿಗೆ ಸೇರಿಸಿತು. ದುರ್ಬಳಕೆಯ ಸಾಧ್ಯತೆ ಹೆಚ್ಚಾಗಿರುವ ಮತ್ತು ಚಿಕಿತ್ಸೆಯಲ್ಲಿ ಅಂಗೀಕೃತ ಉಪಯೋಗವಿಲ್ಲದ ವಸ್ತುಗಳಿಗೆ ಮೀಸಲಾದ ಪಟ್ಟಿ ಅದು. ಗಾಂಜಾವನ್ನು ಅಲ್ಲಿಂದ ತೆಗೆಯಬೇಕೆಂದು 1972ರಲ್ಲೇ ಅರ್ಜಿ ಸಲ್ಲಿಕೆಯಾಯಿತು. ಹದಿನಾರು ವರ್ಷಗಳ ನಂತರ, 1988ರಲ್ಲಿ, ಮಾದಕವಸ್ತು ನಿಯಂತ್ರಣ ಸಂಸ್ಥೆಯಾದ ಡಿಇಎಯ ಆಡಳಿತಾತ್ಮಕ ನ್ಯಾಯಾಧೀಶ ಫ್ರಾನ್ಸಿಸ್ ಯಂಗ್ ಅವರು ಸಾಕ್ಷ್ಯಗಳನ್ನು ಪರಿಶೀಲಿಸಿ, ಗಾಂಜಾವನ್ನು ಎರಡನೇ ಷೆಡ್ಯೂಲಿಗೆ ಇಳಿಸುವುದು ಸೂಕ್ತವೆಂದು ಹೇಳಿದರು. ಸಂಸ್ಥೆಯು ತನ್ನದೇ ನ್ಯಾಯಾಧೀಶರ ಅಭಿಪ್ರಾಯವನ್ನು ತಳ್ಳಿಹಾಕಿತು, ಮೇಲ್ಮನವಿ ನ್ಯಾಯಾಲಯ 1994ರಲ್ಲಿ ಆ ನಿರ್ಧಾರವನ್ನು ಎತ್ತಿಹಿಡಿಯಿತು.

ಅಷ್ಟರಲ್ಲಿ ಒಬ್ಬ ರೋಗಿ ಇನ್ನೊಂದು ದಾರಿ ಹುಡುಕಿದ್ದ. ಗ್ಲೌಕೋಮಾದಿಂದ ದೃಷ್ಟಿ ಕಳೆದುಕೊಳ್ಳುತ್ತಿದ್ದ ರಾಬರ್ಟ್ ರ‍್ಯಾಂಡಲ್ ಅವರ ಮೇಲೆ ಮನೆಯಲ್ಲಿ ಕೆಲವು ಗಾಂಜಾ ಗಿಡ ಬೆಳೆಸಿದ ಆರೋಪದಲ್ಲಿ 1975ರಲ್ಲಿ ವಾಷಿಂಗ್ಟನ್ ನಗರದಲ್ಲಿ ಮೊಕದ್ದಮೆ ಹೂಡಲಾಯಿತು. ಕಾನೂನು ಮುರಿಯದಿದ್ದರೆ ಅದಕ್ಕಿಂತ ದೊಡ್ಡ ಹಾನಿಯಾಗುತ್ತಿತ್ತು ಎಂಬ ‘ವೈದ್ಯಕೀಯ ಅನಿವಾರ್ಯತೆ’ಯ ವಾದವನ್ನು ಅವರು ಮುಂದಿಟ್ಟರು, 1976ರಲ್ಲಿ ನ್ಯಾಯಾಲಯ ಅದನ್ನು ಒಪ್ಪಿ ಅವರನ್ನು ಖುಲಾಸೆ ಮಾಡಿತು. ಮುಂದೆ ನಡೆದದ್ದು ಇನ್ನೂ ವಿಚಿತ್ರ. ಮಿಸಿಸಿಪ್ಪಿ ವಿಶ್ವವಿದ್ಯಾಲಯದ ತೋಟದಲ್ಲಿ ಬೆಳೆದ ಗಾಂಜಾವನ್ನು ಸಿಗರೇಟಿನಂತೆ ಸುರುಳಿ ಮಾಡಿಸಿ ಫೆಡರಲ್ ಸರ್ಕಾರವೇ ಅವರಿಗೆ ಪೂರೈಸತೊಡಗಿತು, 1978ರಲ್ಲಿ ಅದು ಸಂಶೋಧನೆಯ ಹೆಸರಿನ ಒಂದು ಪುಟ್ಟ ಯೋಜನೆಯೂ ಆಯಿತು. ಏಡ್ಸ್ ರೋಗಿಗಳ ಅರ್ಜಿಗಳು ಹೆಚ್ಚತೊಡಗಿದಾಗ, 1992ರಲ್ಲಿ, ಯೋಜನೆಯ ಬಾಗಿಲನ್ನು ಹೊಸಬರಿಗೆ ಮುಚ್ಚಲಾಯಿತು. ಈಗಾಗಲೇ ಒಳಗಿದ್ದ ಬೆರಳೆಣಿಕೆಯ ರೋಗಿಗಳಿಗೆ ಮಾತ್ರ ಸುಮಾರು 300 ಸುರುಳಿಗಳಿದ್ದ ತಗಡಿನ ಡಬ್ಬಿಗಳು ಸರ್ಕಾರದಿಂದಲೇ ಬರುತ್ತಲಿದ್ದವು. ಚಿಕಿತ್ಸೆಗೆ ಉಪಯೋಗವಿಲ್ಲವೆಂದು ನ್ಯಾಯಾಲಯಗಳಲ್ಲಿ ವಾದಿಸುತ್ತಿದ್ದ ಸರ್ಕಾರವೂ ಇದೇ.

ಕ್ಯಾಲಿಫೋರ್ನಿಯಾದ ಮತದಾರರು 1996ರ ನವೆಂಬರ್‌ನಲ್ಲಿ 215ನೇ ಪ್ರಸ್ತಾವವನ್ನು ಅಂಗೀಕರಿಸಿದಾಗ ಚಿತ್ರ ಬದಲಾಯಿತು. ವೈದ್ಯರ ಶಿಫಾರಸು ಇರುವ ರೋಗಿಗೂ ಅವನ ಆರೈಕೆ ಮಾಡುವವರಿಗೂ ಗಾಂಜಾ ಇಟ್ಟುಕೊಳ್ಳುವುದನ್ನು ಮತ್ತು ಬೆಳೆಯುವುದನ್ನು ನಿಷೇಧಿಸುವ ರಾಜ್ಯದ ಎರಡು ಸೆಕ್ಷನ್‌ಗಳು ಅನ್ವಯಿಸುವುದಿಲ್ಲವೆಂದು ಅದು ಹೇಳಿತು. ಬೆಳೆಯಲಾರದ ರೋಗಿ ಎಲ್ಲಿಂದ ಕೊಳ್ಳಬೇಕು, ಎಷ್ಟು ಗಿಡಕ್ಕೆ ಮಿತಿ ಎಂಬುದರ ಬಗ್ಗೆ ಆ ಕಾನೂನು ಮೌನವಾಗಿತ್ತು. ಮುಂದಿನ ಎಷ್ಟೋ ಮೊಕದ್ದಮೆಗಳು ಹುಟ್ಟಿದ್ದು ಆ ಮೌನದಿಂದಲೇ. ಶಿಫಾರಸು ಮಾಡುವ ವೈದ್ಯರಿಗಿರುವ ಔಷಧ ಬರೆಯುವ ಪರವಾನಗಿ ರದ್ದುಪಡಿಸುವುದಾಗಿ ಫೆಡರಲ್ ಸರ್ಕಾರ ಬೆದರಿಸಿತಾದರೂ, ರೋಗಿಯೊಂದಿಗೆ ವೈದ್ಯರು ಆಡುವ ಮಾತಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆಯಿದೆ ಎಂದು ಒಂಬತ್ತನೇ ಸರ್ಕ್ಯೂಟ್ ಎಂಬ ಫೆಡರಲ್ ಮೇಲ್ಮನವಿ ನ್ಯಾಯಾಲಯ 2002ರಲ್ಲಿ ಕೊನೆಂಟ್ ಪ್ರಕರಣದಲ್ಲಿ ತೀರ್ಪು ನೀಡಿತು. ಅಮೆರಿಕದ ವೈದ್ಯರು ಇಂದಿಗೂ ಗಾಂಜಾಕ್ಕೆ ಔಷಧ ಚೀಟಿ ಬರೆಯದೆ ಕೇವಲ ಶಿಫಾರಸು ಪತ್ರ ಕೊಡುವುದು ಈ ಕಾರಣಕ್ಕೇ.

ರಾಜ್ಯದ ಪೊಲೀಸರಿಂದಲೂ ರೋಗಿಗೆ ತಕ್ಷಣದ ನೆಮ್ಮದಿ ಸಿಗಲಿಲ್ಲ. ಮಧುಮೇಹದಿಂದ ದೃಷ್ಟಿ ಕಳೆದುಕೊಂಡಿದ್ದ ಮೈರನ್ ಮೋವರ್ ಎಂಬ ರೋಗಿ 31 ಗಿಡ ಬೆಳೆಸಿದ್ದಕ್ಕೆ ಶಿಕ್ಷೆಗೊಳಗಾದರು. ಅವರ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 2002ರಲ್ಲಿ ಎರಡು ಅಂಶಗಳನ್ನು ಸ್ಪಷ್ಟಪಡಿಸಿತು: ಕಾನೂನು ರೋಗಿಯನ್ನು ಬಂಧನದಿಂದ ಕಾಪಾಡುವುದಿಲ್ಲ, ಆದರೆ ವಿಚಾರಣೆಗೆ ಮೊದಲೇ ಆರೋಪ ರದ್ದುಪಡಿಸುವಂತೆ ಅವನು ಕೇಳಬಹುದು, ವಿಚಾರಣೆ ನಡೆದರೂ ತಾನು ರೋಗಿಯೆಂಬುದರ ಬಗ್ಗೆ ಸಮಂಜಸ ಸಂಶಯ ಮೂಡಿಸಿದರೆ ಸಾಕು. ಮೋವರ್ ಅವರ ಶಿಕ್ಷೆ ರದ್ದಾಯಿತು. ಬಂಧನ, ಜಾಮೀನು, ವಕೀಲರ ಖರ್ಚು ಎಲ್ಲವನ್ನೂ ದಾಟಿದ ಮೇಲೆ ಸಿಗುವ ರಕ್ಷಣೆ ಕಾಯಿಲೆಯವರಿಗೆ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ತೀರ್ಪು ಚರ್ಚಿಸಬೇಕಾಗಿರಲಿಲ್ಲ, ಚರ್ಚಿಸಲೂ ಇಲ್ಲ.

ಫೆಡರಲ್ ನ್ಯಾಯಾಲಯಗಳಲ್ಲಿ ಅಷ್ಟೂ ಸಿಗಲಿಲ್ಲ. ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನ ಗಾಂಜಾ ಸಹಕಾರ ಸಂಘದ ವಿರುದ್ಧದ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2001ರಲ್ಲಿ, ಬೆಳೆದು ಹಂಚುವವರಿಗೆ ವೈದ್ಯಕೀಯ ಅನಿವಾರ್ಯತೆಯ ವಾದ ಲಭ್ಯವಿಲ್ಲವೆಂದು ಹೇಳಿತು. ಇದರ ಪರಿಣಾಮ 2003ರಲ್ಲಿ ಎಡ್ ರೋಸೆಂಥಾಲ್ ಅವರ ವಿಚಾರಣೆಯಲ್ಲಿ ಎದ್ದು ಕಂಡಿತು. ಅವರು ಓಕ್‌ಲೆಂಡ್ ನಗರಾಡಳಿತದ ಕಾರ್ಯಕ್ರಮದ ಅಡಿಯಲ್ಲೇ ರೋಗಿಗಳಿಗಾಗಿ ಗಿಡ ಬೆಳೆಸುತ್ತಿದ್ದರು, ಆದರೆ ಆ ಸಂಗತಿಯನ್ನು ಜ್ಯೂರಿಯ ಮುಂದೆ ಹೇಳಲು ಅವಕಾಶ ಸಿಗಲಿಲ್ಲ. ದೋಷಿಯೆಂದು ತೀರ್ಮಾನಿಸಿ ಹೊರಬಂದ ಮೇಲೆ ಪೂರ್ಣ ವಿಷಯ ತಿಳಿದ ಜ್ಯೂರಿ ಸದಸ್ಯರಲ್ಲಿ ಹಲವರು ತಮ್ಮದೇ ತೀರ್ಮಾನವನ್ನು ಬಹಿರಂಗವಾಗಿ ಖಂಡಿಸಿದರು. ನ್ಯಾಯಾಧೀಶ ಚಾರ್ಲ್ಸ್ ಬ್ರೇಯರ್ ಅವರು ಒಂದೇ ದಿನದ ಶಿಕ್ಷೆ ವಿಧಿಸಿದರು. ಇದಕ್ಕೂ ಮೊದಲು ಗಾಂಜಾ ಕುರಿತ ಫೆಡರಲ್ ಮೊಕದ್ದಮೆ ಎದುರಿಸಿದ್ದ ಪೀಟರ್ ಮೆಕ್‌ವಿಲಿಯಮ್ಸ್ ಅವರಿಗೆ ಆ ಅದೃಷ್ಟವೂ ಇರಲಿಲ್ಲ. ಏಡ್ಸ್ ಮತ್ತು ಕ್ಯಾನ್ಸರ್ ಎರಡೂ ಇದ್ದ ಅವರಿಗೆ ನುಂಗಿದ ಮಾತ್ರೆ ವಾಂತಿಯಾಗದಂತೆ ತಡೆಯಲು ಗಾಂಜಾ ನೆರವಾಗುತ್ತಿತ್ತು. ಜಾಮೀನಿನ ಷರತ್ತು ಅದನ್ನು ನಿಷೇಧಿಸಿತ್ತು, ಪಾಲನೆಯಾಗುತ್ತಿದೆಯೇ ಎಂದು ನೋಡಲು ಮೂತ್ರ ಪರೀಕ್ಷೆ ನಡೆಯುತ್ತಿತ್ತು. ಅನಿವಾರ್ಯತೆಯ ವಾದಕ್ಕೆ ಅವಕಾಶವಿಲ್ಲವೆಂದಾದಾಗ ಅವರು ತಪ್ಪೊಪ್ಪಿಕೊಂಡರು. ಶಿಕ್ಷೆ ಪ್ರಕಟವಾಗುವ ಮೊದಲೇ, 2000ದ ಜೂನ್‌ನಲ್ಲಿ ತೀರಿಕೊಂಡರು.

ಮಾರಾಟವೂ ಇಲ್ಲ, ಹಂಚಿಕೆಯೂ ಇಲ್ಲ, ತನ್ನ ಮನೆಯಲ್ಲಿ ತನಗಾಗಿ ಮಾತ್ರ ಬೆಳೆದುಕೊಂಡರೆ? ಈ ಪ್ರಶ್ನೆ ಎತ್ತಿದ್ದು ರೇಚ್ ಪ್ರಕರಣ. 2002ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಬ್ಯೂಟ್ ಕೌಂಟಿಯಲ್ಲಿ ಡಯಾನ್ ಮಾನ್ಸನ್ ಅವರ ಮನೆಗೆ ಬಂದ ಸ್ಥಳೀಯ ಅಧಿಕಾರಿಗಳು, ಆಕೆಯ ಆರು ಗಿಡಗಳು ರಾಜ್ಯದ ಕಾನೂನಿಗೆ ತಕ್ಕಂತೆಯೇ ಇವೆ ಎಂದರು. ಜೊತೆಗೆ ಬಂದಿದ್ದ ಡಿಇಎ ಅಧಿಕಾರಿಗಳು ಒಪ್ಪಲಿಲ್ಲ. ಮೂರು ಗಂಟೆಗಳ ಜಗ್ಗಾಟದ ನಂತರ ಡಿಇಎ ಆರೂ ಗಿಡಗಳನ್ನು ವಶಪಡಿಸಿಕೊಂಡು ನಾಶಮಾಡಿತು. ಮಾನ್ಸನ್ ಮತ್ತು ಏಂಜೆಲ್ ರೇಚ್ ಜಂಟಿಯಾಗಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 2005ರ ಜೂನ್‌ನಲ್ಲಿ 6–3ರ ಬಹುಮತದಿಂದ ಸರ್ಕಾರದ ಪರ ನಿಂತಿತು. ತನ್ನ ಜಮೀನಿನಲ್ಲಿ ತನ್ನ ಬಳಕೆಗೆಂದು ಬೆಳೆದ ಗೋಧಿಯೂ ದೇಶದ ಮಾರುಕಟ್ಟೆಯ ಮೇಲೆ ಪರಿಣಾಮ ಬೀರುತ್ತದೆ ಎಂದಿದ್ದ 1942ರ ತೀರ್ಪೇ ಬಹುಮತಕ್ಕೆ ಆಧಾರವಾಯಿತು. ಕೊಳ್ಳದ, ಮಾರದ, ರಾಜ್ಯದ ಗಡಿ ದಾಟದ ಗಿಡವನ್ನೂ ಫೆಡರಲ್ ಸರ್ಕಾರ ನಿಯಂತ್ರಿಸಬಹುದಾದರೆ ಅದು ನಿಯಂತ್ರಿಸಲಾರದ್ದು ಯಾವುದೂ ಇಲ್ಲವೆಂದು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಭಿನ್ನಮತ ಬರೆದರು. ಈ ತೀರ್ಪುಗಳ ಪೈಕಿ ತರ್ಕ ಅತ್ಯಂತ ನೇರವಾಗಿರುವುದು ಆ ಭಿನ್ನಮತದಲ್ಲಿ ಎಂಬುದು ನನ್ನ ಅಭಿಪ್ರಾಯ.

ನ್ಯಾಯಾಲಯದಲ್ಲಿ ಸಿಗದ ರಕ್ಷಣೆ ಕೊನೆಗೆ ಬಜೆಟ್ ಮೂಲಕ ಬಂತು. ನ್ಯಾಯ ಇಲಾಖೆ 2009 ಮತ್ತು 2013ರಲ್ಲಿ ಹೊರಡಿಸಿದ ಸುತ್ತೋಲೆಗಳು ಸಂಯಮವನ್ನು ಸೂಚಿಸಿದ್ದವು, ಆದರೆ ಸುತ್ತೋಲೆಯನ್ನು ಹಿಂಪಡೆಯಲು ಒಂದು ಸಹಿ ಸಾಕು. 2018ರ ಜನವರಿಯಲ್ಲಿ ಹಾಗೆಯೇ ಆಯಿತು. ಅದಕ್ಕಿಂತ ಗಟ್ಟಿಯಾದದ್ದು 2014ರ ಡಿಸೆಂಬರ್‌ನಲ್ಲಿ ವೆಚ್ಚ ಮಸೂದೆಗೆ ಸೇರಿದ ರೋರಾಬಾಕರ್–ಫಾರ್ ತಿದ್ದುಪಡಿ. ರಾಜ್ಯಗಳು ತಮ್ಮ ವೈದ್ಯಕೀಯ ಗಾಂಜಾ ಕಾನೂನುಗಳನ್ನು ಜಾರಿಗೊಳಿಸುವುದಕ್ಕೆ ಅಡ್ಡಿಪಡಿಸಲು ನ್ಯಾಯ ಇಲಾಖೆ ಹಣ ಬಳಸುವಂತಿಲ್ಲ ಎಂಬುದು ಅದರ ಸಾರ. ರಾಜ್ಯದ ಕಾನೂನನ್ನು ಚಾಚೂ ತಪ್ಪದೆ ಪಾಲಿಸಿದವರ ಮೇಲೆ ಫೆಡರಲ್ ಮೊಕದ್ದಮೆ ಮುಂದುವರಿಸಲು ಇದರಿಂದ ಸಾಧ್ಯವಿಲ್ಲವೆಂದು ಒಂಬತ್ತನೇ ಸರ್ಕ್ಯೂಟ್ 2016ರಲ್ಲಿ ಮೆಕಿಂಟಾಷ್ ಪ್ರಕರಣದಲ್ಲಿ ಹೇಳಿತು. ಆದರೆ ಅದೇ ತೀರ್ಪು ಒಂದು ಎಚ್ಚರಿಕೆಯನ್ನೂ ಕೊಟ್ಟಿದೆ. ಕೃತ್ಯ ಅಪರಾಧವಾಗಿಯೇ ಉಳಿದಿದೆ, ಸಂಸತ್ತು ನಾಳೆ ಹಣ ಬಿಡುಗಡೆ ಮಾಡಿದರೆ ಐದು ವರ್ಷಗಳ ಕಾಲಮಿತಿಯೊಳಗಿನ ಹಳೆಯ ಕೃತ್ಯಗಳಿಗೂ ಮೊಕದ್ದಮೆ ಹೂಡಬಹುದು.

ಜೈಲಿನ ಭಯ ತಗ್ಗಿದರೂ ಉಳಿದ ಕಡೆ ರೋಗಿಯ ಸ್ಥಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೈಕಾಲು ಸ್ವಾಧೀನ ಕಳೆದುಕೊಂಡ ಬ್ರ್ಯಾಂಡನ್ ಕೋಟ್ಸ್ ಗಾಂಜಾ ಪರೀಕ್ಷೆಯ ಫಲಿತಾಂಶದಿಂದಾಗಿ ಕೆಲಸ ಕಳೆದುಕೊಂಡರು. ಫೆಡರಲ್ ಕಾನೂನಿನಲ್ಲೂ ಸಕ್ರಮವಾದದ್ದು ಮಾತ್ರ ಸಕ್ರಮ ಚಟುವಟಿಕೆ ಎಂದು ಕೊಲೊರಾಡೊದ ಸುಪ್ರೀಂ ಕೋರ್ಟ್ 2015ರಲ್ಲಿ ಅವರ ವಿರುದ್ಧ ತೀರ್ಪು ನೀಡಿತು. ಎರಡೇ ವರ್ಷಗಳ ನಂತರ ಮ್ಯಾಸಚೂಸೆಟ್ಸ್‌ನ ಅತ್ಯುನ್ನತ ನ್ಯಾಯಾಲಯ, ಬಾರ್ಬುಟೊ ಪ್ರಕರಣದಲ್ಲಿ, ಇಂಥ ರೋಗಿ ಅಂಗವೈಕಲ್ಯ ತಾರತಮ್ಯದ ದಾವೆ ಹೂಡಬಹುದೆಂದಿತು. ರೋಗಿಯ ಕಾರ್ಡ್ ಇದ್ದವರಿಗೆ ಬಂದೂಕು ಮಾರದಿರುವ ಫೆಡರಲ್ ನಿಯಮವನ್ನು 2016ರಲ್ಲಿ ಎತ್ತಿಹಿಡಿಯಲಾಯಿತು. ಫೆಡರಲ್ ನೆರವಿನ ವಸತಿಗೃಹಗಳು ಈ ರೋಗಿಗಳಿಗೆ ಹೊಸದಾಗಿ ಪ್ರವೇಶ ನಿರಾಕರಿಸಲೇಬೇಕೆಂದು ವಸತಿ ಇಲಾಖೆ 2011ರಲ್ಲಿ ತಿಳಿಸಿತು.

ಗಾಂಜಾವನ್ನು ಮೂರನೇ ಷೆಡ್ಯೂಲಿಗೆ ಇಳಿಸಬೇಕೆಂದು ಆರೋಗ್ಯ ಇಲಾಖೆ 2023ರಲ್ಲಿ ಶಿಫಾರಸು ಮಾಡಿತು, 2024ರ ಮೇ ತಿಂಗಳಲ್ಲಿ ನ್ಯಾಯ ಇಲಾಖೆ ಅದಕ್ಕೆ ಕರಡು ನಿಯಮವನ್ನೂ ಪ್ರಕಟಿಸಿತು. ಸಂಶೋಧಕರಿಗೂ ವ್ಯಾಪಾರಿಗಳ ತೆರಿಗೆ ಲೆಕ್ಕಕ್ಕೂ ಇಂಥ ಬದಲಾವಣೆ ದೊಡ್ಡದು. ಮನೆಯಲ್ಲಿ ಗಿಡ ಬೆಳೆದುಕೊಳ್ಳುವ ರೋಗಿಗೆ ಮಾತ್ರ ಅದರಿಂದ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಮೂರನೇ ಷೆಡ್ಯೂಲಿನ ವಸ್ತುವೂ ಫೆಡರಲ್ ಮಾನ್ಯತೆ ಪಡೆದ ಔಷಧವಾಗಿ, ವೈದ್ಯರ ಚೀಟಿಯ ಮೇಲೆ, ಔಷಧದಂಗಡಿಯಿಂದಲೇ ಬರಬೇಕು. ರಾಜ್ಯ ಕೊಡುವ ರೋಗಿಯ ಕಾರ್ಡು ಅಂಥ ಚೀಟಿಯಲ್ಲ.