ಆಮ್ಲಜನಕ ಕಂಡುಹಿಡಿದವರು ಯಾರು? ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ಒಂದು ಗೈಡ್‌ನಲ್ಲಿ ಪ್ರೀಸ್ಟ್ಲಿ ಅಂತಿದೆ, ಇನ್ನೊಂದರಲ್ಲಿ ಷೀಲೆ, ನಮ್ಮ ಮೇಷ್ಟ್ರು ಲವಾಸಿಯೇ ಅಂತಾರೆ. ಯಾವುದಕ್ಕೆ ಟಿಕ್ ಹಾಕಲಿ?

ಪರೀಕ್ಷೆಗಾದರೆ ಪ್ರೀಸ್ಟ್ಲಿ, 1774. ಅಂಕ ಸಿಗುತ್ತೆ, ಹೋಗಿ. ನಿಜ ಬೇಕು ಅನ್ನುವವರು ಮಾತ್ರ ಮುಂದೆ ಓದಿ.

ಆ ಅನಿಲವನ್ನು ಮೊದಲು ತಯಾರಿಸಿದ್ದು ಷೀಲೆ. ಸ್ವೀಡನ್ನಿನ ಉಪ್ಸಾಲಾದ ಔಷಧದಂಗಡಿಯಲ್ಲಿ ಕೆಲಸಕ್ಕಿದ್ದವನು. 1772ರ ಹೊತ್ತಿಗೇ ಮಾಡಿದ್ದ. ಪುಸ್ತಕ ಅಚ್ಚಾಗಿ ಬಂದಿದ್ದು ಮಾತ್ರ 1777ಕ್ಕೆ. ಅಷ್ಟರಲ್ಲಿ ಪ್ರೀಸ್ಟ್ಲಿಯ ಹೆಸರು ಓಡಾಡುತ್ತಿತ್ತು.

ಈಗ ಎಷ್ಟು ಹೇಳಿದರೂ ಸಾಯದ ಆ ಕಥೆಗೆ ಬರೋಣ: ಪ್ರೀಸ್ಟ್ಲಿ ಭೂತಗನ್ನಡಿ ಹಿಡಿದ, ಅನಿಲ ಬಂತು, ಹೊಸ ಧಾತು ಸಿಕ್ಕಿತು ಅಂತ ಕುಣಿದ. ಹಾಗೆ ಆಗಲೇ ಇಲ್ಲ! 1774ರ ಆಗಸ್ಟ್ 1ರಂದು ಇಂಗ್ಲೆಂಡಿನ ಬೋವುಡ್ ಬಂಗಲೆಯಲ್ಲಿ ಅವನು ಪಾದರಸದ ಕೆಂಪು ಭಸ್ಮವನ್ನು ಬಿಸಿಲಲ್ಲಿ ಕಾಯಿಸಿದ್ದು ನಿಜ. ಬಂದ ಗಾಳಿಯಲ್ಲಿ ಮೇಣದ ಬತ್ತಿ ಧಗಧಗ ಉರಿದದ್ದೂ ನಿಜ. ಆದರೆ ಅದೇನು ಅಂತ ಅವನಿಗೇ ತಿಳಿಯಲಿಲ್ಲ. ಮರುವರ್ಷ ಮಾರ್ಚ್‌ನಲ್ಲಿ ಅದರೊಳಗೆ ಇಲಿ ಬಿಟ್ಟ. ಅಷ್ಟೇ ಮಾಮೂಲಿ ಗಾಳಿಯಲ್ಲಿ ಕಾಲು ಗಂಟೆ ತಡೆಯಬಹುದಾದ ಇಲಿ ಅರ್ಧ ಗಂಟೆ ಇತ್ತು. ಆಮೇಲೆ ತಾನೂ ಉಸಿರಾಡಿ ನೋಡಿದ. ಇಷ್ಟಾದರೂ ಅವನ ಪ್ರಕಾರ ಅದು ಹೊಸ ಧಾತು ಅಲ್ಲ, 'ಫ್ಲಾಜಿಸ್ಟನ್' ತೆಗೆದ ಗಾಳಿ ಅಷ್ಟೇ. ಉರಿಯುವ ವಸ್ತುವಿನಿಂದ ಫ್ಲಾಜಿಸ್ಟನ್ ಅನ್ನುವ ಏನೋ ಒಂದು ಹೊರಗೆ ಹೋಗುತ್ತದೆ ಅಂತ ಆಗಿನವರ ನಂಬಿಕೆ. ಷೀಲೆಯೂ ಅದೇ ಗುಂಪಿನವನು. 1804ರಲ್ಲಿ ಸಾಯುವವರೆಗೂ ಪ್ರೀಸ್ಟ್ಲಿ ಆ ನಂಬಿಕೆ ಬಿಡಲಿಲ್ಲ.

1774ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಊಟಕ್ಕೆ ಕೂತಾಗ ಪ್ರೀಸ್ಟ್ಲಿ ಈ ಪ್ರಯೋಗದ ಸುದ್ದಿ ಹೇಳಿದ. ಎದುರಿಗಿದ್ದವನು ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೇ! ಅವನು ತೂಕ ಹಾಕಿ ಹಾಕಿ ನೋಡಿದ. ಉರಿದಾಗ ಏನೂ ಹೊರಗೆ ಹೋಗುವುದಿಲ್ಲ, ಗಾಳಿಯಲ್ಲಿರುವ ಒಂದು ಅನಿಲವೇ ಬಂದು ಸೇರುತ್ತದೆ ಅಂತ ತೋರಿಸಿದ. ಹಾಗಾಗಿ ನಿಮ್ಮ ಮೇಷ್ಟ್ರದು ತಪ್ಪು ಅನ್ನಲಾರೆ. ನನ್ನನ್ನು ಕೇಳಿದರೆ ಧಾತು ಅಂತ ಗುರುತಿಸಿದ ಲವಾಸಿಯೇಗೇ ಜಾಸ್ತಿ ಪಾಲು.

ಹಾಗಾದರೆ ಲವಾಸಿಯೇ ಹೇಳಿದ್ದೆಲ್ಲ ಸರಿಯಾ? ಇದನ್ನು ಯಾರೂ ಕೇಳುವುದಿಲ್ಲ ನೋಡಿ. 1789ರಲ್ಲಿ ಅವನು ಕೊಟ್ಟ 33 ಧಾತುಗಳ ಪಟ್ಟಿಯಲ್ಲಿ ಬೆಳಕು ಮತ್ತು ಶಾಖ ಕೂಡ ಇವೆ. ಸುಣ್ಣವೂ ಇದೆ! 1808ರಲ್ಲಿ ಲಂಡನ್ನಿನ ಹಂಫ್ರಿ ಡೇವಿ ಬ್ಯಾಟರಿಯ ಕರೆಂಟ್ ಹಾಯಿಸಿ, ಸುಣ್ಣದೊಳಗಿನ ಕ್ಯಾಲ್ಸಿಯಂ ಬೇರ್ಪಡಿಸಿದ. ಎಲ್ಲ ಆಮ್ಲದಲ್ಲೂ ಆಮ್ಲಜನಕ ಇದ್ದೇ ಇರುತ್ತೆ ಅನ್ನುವ ಲವಾಸಿಯೇ ಮಾತೂ ನಿಲ್ಲಲಿಲ್ಲ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಎಷ್ಟು ಹುಡುಕಿದರೂ ಡೇವಿಗೆ ಅದು ಸಿಗಲಿಲ್ಲ. ಅದರಲ್ಲಿದ್ದ ಕ್ಲೋರಿನ್ನೇ ಒಂದು ಧಾತು ಅಂತ 1810ರಲ್ಲಿ ಹೇಳಿದ. ಆ ಕ್ಲೋರಿನ್ ಅನಿಲವನ್ನು 1774ರಲ್ಲೇ ತಯಾರಿಸಿದ್ದವನು ಯಾರು ಗೊತ್ತಾ? ಅದೇ ಷೀಲೆ. ಅದೂ ಧಾತು ಅಂತ ಅವನಿಗೆ ಗೊತ್ತಾಗಿರಲಿಲ್ಲ.