ಶೆಡ್ಯೂಲರ್ ಬಾಯಿಂದಲೇ ಕೇಳಿ

ಕಾನ್ಫಿಗರೇಶನ್ ಫೈಲ್ ತಿದ್ದಿ ಸೇವ್ ಮಾಡಿದರೆ ಸೆಟ್ಟಿಂಗ್ ಬದಲಾದಂತೆಯೇ ಎಂಬ ನಂಬಿಕೆ ಕಂಪ್ಯೂಟರ್ ಚೆನ್ನಾಗಿ ಬಲ್ಲವರಲ್ಲೂ ಬೇರುಬಿಟ್ಟಿದೆ. ಅದು ಹುಸಿಯಾದಾಗ ಇನ್ನೊಂದು ನಂಬಿಕೆ ಎದ್ದು ನಿಲ್ಲುತ್ತದೆ: ಎಲ್ಲವನ್ನೂ ಒಮ್ಮೆ ರೀಸ್ಟಾರ್ಟ್ ಮಾಡಿಬಿಟ್ಟರೆ ಸರಿಹೋಗುತ್ತದೆ. ಏಕೆ ಸರಿಹೋಯಿತೆಂದು ತಿಳಿಯದೆ ಸಲಸಲವೂ ಅದನ್ನೇ ಮಾಡುವುದಕ್ಕೆ ಮೂಢನಂಬಿಕೆ ಎನ್ನದೆ ಬೇರೇನು ಹೇಳುವುದು? ಮನೆಯ ಲ್ಯಾಪ್‌ಟಾಪ್‌ನಲ್ಲಿ ಇದರಿಂದ ಹೆಚ್ಚು ನಷ್ಟವಿಲ್ಲ. ನೂರಾರು ಯಂತ್ರಗಳಿಗೆ ಕೆಲಸ ಹಂಚುವ ಜಾಬ್ ಶೆಡ್ಯೂಲರ್‌ನಲ್ಲಿ ಹಾಗಲ್ಲ. ಯಾರೋ ಓಡಿಸಿಟ್ಟ, ದಿನಗಟ್ಟಲೆ ನಡೆದ ಲೆಕ್ಕಾಚಾರ ಅರ್ಧಕ್ಕೇ ನಿಂತು ಮತ್ತೆ ಮೊದಲಿನಿಂದ ಶುರುವಾಗಬಹುದು.

ಸೇವ್ ಮಾಡಿದರೆ ಸಾಕು ಎಂಬ ಅಭ್ಯಾಸಕ್ಕೆ, ಗೊತ್ತುಮಾಡಿದ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ಕ್ರಾನ್ ಎಂಬ ಪ್ರೋಗ್ರಾಂ ಕಾರಣವಿರಬೇಕು ಎಂದು ನನಗನಿಸುತ್ತದೆ. 1979ರಲ್ಲಿ ಬಂದ, ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಏಳನೇ ಆವೃತ್ತಿಯಲ್ಲಿ ಇಡೀ ಯಂತ್ರಕ್ಕೆ ಒಂದೇ ವೇಳಾಪಟ್ಟಿಯ ಫೈಲ್ ಇತ್ತು. 1987ರಲ್ಲಿ ಪಾಲ್ ವಿಕ್ಸಿ ಹೊರತಂದ ಕ್ರಾನ್ ನಿಮಿಷಕ್ಕೊಮ್ಮೆ ಎಚ್ಚೆತ್ತು, ಫೈಲು ಕೊನೆಯ ಸಲ ಬದಲಾದ ಸಮಯವನ್ನು ನೋಡಿ, ಹೊಸದಿದ್ದರೆ ತಾನಾಗಿಯೇ ಮತ್ತೆ ಓದಿಕೊಳ್ಳುತ್ತದೆ. ಹಾಗಾಗಿ 'ಕ್ರಾನ್‌ಟ್ಯಾಬ್ -ಇ' ಎಂದು ತೆರೆದು, ತಿದ್ದಿ, ಮುಚ್ಚಿದರೆ ಮುಗಿಯಿತು. ಅಲ್ಲಿ ನಾವು ತಿದ್ದುವುದು ತಾತ್ಕಾಲಿಕ ಪ್ರತಿಯನ್ನು. ಸಾಲುಗಳಲ್ಲಿ ತಪ್ಪಿಲ್ಲವೆಂದು ಪರೀಕ್ಷಿಸಿದ ಮೇಲಷ್ಟೇ ಅದು ಅಸಲಿ ಜಾಗಕ್ಕೆ ಹೋಗುತ್ತದೆ. ಇಷ್ಟು ಉಪಚಾರವನ್ನು ದೊಡ್ಡ ಶೆಡ್ಯೂಲರ್‌ಗಳು ಮಾಡುವುದಿಲ್ಲ. ಅವು ಶುರುವಾಗುವಾಗ ಒಮ್ಮೆ ಫೈಲ್ ಓದಿ, ಬೆಲೆಗಳನ್ನು, ಅಂದರೆ ಒಂದೊಂದು ಸೆಟ್ಟಿಂಗ್‌ಗೆ ಕೊಟ್ಟ ಅಂಕಿ ಅಥವಾ ಪದಗಳನ್ನು, ಮೆಮೊರಿಗೆ ತೆಗೆದುಕೊಳ್ಳುತ್ತವೆ. ಪಾಠ ಬಾಯಿಪಾಠ ಮಾಡಿ ಪುಸ್ತಕ ಮುಚ್ಚಿಟ್ಟ ವಿದ್ಯಾರ್ಥಿಯ ಹಾಗೆ: ಆಮೇಲೆ ಪುಸ್ತಕದಲ್ಲಿ ಎಷ್ಟು ತಿದ್ದಿದರೂ ಅವನು ಒಪ್ಪಿಸುವುದು ಹಳೆಯ ಪಾಠವನ್ನೇ.

ಎಚ್‌ಟಿಕಾಂಡರ್ ಇದಕ್ಕೆ ಒಳ್ಳೆಯ ಉದಾಹರಣೆ. 1980ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ಮಿರಾನ್ ಲಿವ್ನಿ ಮತ್ತು ಸಂಗಡಿಗರು, ಮೇಜುಗಳ ಮೇಲೆ ಸುಮ್ಮನೆ ಕೂತಿದ್ದ ಕಂಪ್ಯೂಟರ್‌ಗಳನ್ನು ದುಡಿಸಿಕೊಳ್ಳಲು ಕಟ್ಟಿದ ತಂತ್ರಾಂಶವಿದು. ಆಗಿನ ಹೆಸರು ಕಾಂಡರ್. 2012ರಲ್ಲಿ ಎಚ್‌ಟಿಕಾಂಡರ್ ಆಯಿತು. ಈಗ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಲೆಕ್ಕಾಚಾರಗಳೂ ಇದರ ಸಾಲಿನಲ್ಲಿ ನಿಲ್ಲುತ್ತವೆ. ಇದರ ಜೊತೆಗೆ ಬರುವ 'ಕಾಂಡರ್_ಕಾನ್ಫಿಗ್_ವಾಲ್' ಎಂಬ ಪುಟ್ಟ ಕಮಾಂಡ್ ನನಗೆ ಬಹಳ ಪ್ರಿಯ.

ಒಂದು ಸೆಟ್ಟಿಂಗ್‌ನ ಹೆಸರು ಕೊಟ್ಟರೆ ಅದು ಬೆಲೆಯನ್ನು ಹೇಳುತ್ತದೆ. ಜೊತೆಗೆ '-ವಿ' ಸೇರಿಸಿ ನೋಡಿ: ಆ ಬೆಲೆ ಯಾವ ಫೈಲಿನ ಎಷ್ಟನೇ ಸಾಲಿನಿಂದ ಬಂತು, ಅಲ್ಲಿ ಮೂಲದಲ್ಲಿ ಏನು ಬರೆದಿತ್ತು ಎಂಬುದೂ ಸಿಗುತ್ತದೆ. ಸಾಲಿನ ನಂಬರ್ ಸಮೇತ! ಇದು ಎಷ್ಟು ದೊಡ್ಡ ಉಪಕಾರವೆಂದು ತಿಳಿಯಬೇಕಾದರೆ ಸೆಟ್ಟಿಂಗ್‌ಗಳು ಎಲ್ಲೆಲ್ಲಿಂದ ಬರುತ್ತವೆ ಎಂದು ನೋಡಬೇಕು. ಮೊದಲು ಮುಖ್ಯ ಫೈಲ್, ಆಮೇಲೆ 'ಕಾನ್ಫಿಗ್.ಡಿ' ಫೋಲ್ಡರಿನ ಫೈಲುಗಳು ಒಂದಾದ ಮೇಲೊಂದು, ಎಲ್ಲಕ್ಕಿಂತ ಮೇಲೆ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು, ಅಂದರೆ ಫೈಲುಗಳ ಹೊರಗೆ ಪ್ರೋಗ್ರಾಂ ಶುರುವಾಗುವಾಗ ಅದಕ್ಕೆ ಸಿಗುವ ಬೆಲೆಗಳು. ಕೊನೆಗೆ ಓದಿದ್ದೇ ಗೆಲ್ಲುತ್ತದೆ. ಫೋಲ್ಡರಿನೊಳಗೆ ಓದುವ ಕ್ರಮ ಅಂಕೆಯ ಕ್ರಮವಲ್ಲ, ಅಕ್ಷರಗಳ ಕ್ರಮ. ಹೆಸರು 9ರಿಂದ ಶುರುವಾಗುವ ಫೈಲು 10ರಿಂದ ಶುರುವಾಗುವ ಫೈಲಿನ ನಂತರ ಬರುತ್ತದೆ, ಏಕೆಂದರೆ ಹೋಲಿಕೆ ನಡೆಯುವುದು 9 ಮತ್ತು 1ರ ನಡುವೆ. 10ರ ಫೈಲಿನಲ್ಲಿ ಎಷ್ಟೇ ಶ್ರದ್ಧೆಯಿಂದ ಬರೆದರೂ 9ರ ಫೈಲು ಅದನ್ನು ಅಳಿಸಿಹಾಕುತ್ತದೆ. ಎಲ್ಲ ಹೆಸರುಗಳಿಗೂ 09, 10 ಎಂದು ಎರಡೆರಡು ಅಂಕೆ ಕೊಟ್ಟರೆ ಈ ತಂಟೆ ಇಲ್ಲ.

ಒಂದು ಸೆಟ್ಟಿಂಗ್ ಇನ್ನೊಂದನ್ನು ಆಧರಿಸಿದ್ದರಂತೂ ಪ್ರೋಗ್ರಾಂ ಬರೆದು ರೂಢಿಯಾದವರೇ ಮೊದಲು ಮೋಸಹೋಗುತ್ತಾರೆ. ಮೊದಲ ಸಾಲಿನಲ್ಲಿ ಮಿತಿ 10 ಎಂದೂ, ಎರಡನೆಯದರಲ್ಲಿ ಗರಿಷ್ಠ ಎಂದರೆ ಮಿತಿ ಎಂದೂ, ಮೂರನೆಯದರಲ್ಲಿ ಮಿತಿ 20 ಎಂದೂ ಬರೆದರೆ ಗರಿಷ್ಠ ಎಷ್ಟು? ಉತ್ತರ 20. ಎಚ್‌ಟಿಕಾಂಡರ್ ಓದುವಾಗ ಬೆಲೆ ಕಟ್ಟುವುದಿಲ್ಲ, ಕೇಳಿದಾಗ ಕಟ್ಟುತ್ತದೆ.

ಇಷ್ಟಾದರೂ ಮುಖ್ಯ ಗುಟ್ಟು ಇನ್ನೂ ಬಾಕಿ ಇದೆ. ಬರೀ ಹೆಸರು ಕೊಟ್ಟು ಕೇಳಿದಾಗ ಈ ಕಮಾಂಡ್ ತಾನೇ ಹೋಗಿ ಡಿಸ್ಕಿನ ಫೈಲುಗಳನ್ನು ಓದಿ ಬರುತ್ತದೆ. ಓಡುತ್ತಿರುವ ಪ್ರೋಗ್ರಾಂ ಹತ್ತಿರ ಸುಳಿಯುವುದೇ ಇಲ್ಲ. '-ಸ್ಕೆಡ್' ಎಂದು ಸೇರಿಸಿದರೆ ಮಾತ್ರ ಜಾಬ್‌ಗಳ ಸಾಲನ್ನು ನೋಡಿಕೊಳ್ಳುವ ಡೀಮನ್ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂ) ಅನ್ನೇ ಕೇಳಿ, ಅದರ ಮೆಮೊರಿಯಲ್ಲಿರುವ ಬೆಲೆಯನ್ನು ತರುತ್ತದೆ. ಒಂದೇ ಸೆಟ್ಟಿಂಗನ್ನು ಎರಡೂ ಬಗೆಯಲ್ಲಿ ಕೇಳಿ. ಉತ್ತರ ಬೇರೆ ಬೇರೆ ಬಂದರೆ ಡೀಮನ್ ಇನ್ನೂ ಹೊಸ ಫೈಲ್ ಓದಿಲ್ಲ. ಎರಡೂ ಹೊಸ ಬೆಲೆಯನ್ನೇ ತೋರಿಸಿಯೂ ತೊಂದರೆ ಉಳಿದಿದ್ದರೆ, ಆ ಸೆಟ್ಟಿಂಗ್ ರೀಸ್ಟಾರ್ಟ್ ಬೇಡುವ ಜಾತಿಯದೇ ಎಂದು ಮೊದಲು ನೋಡಿ. ಅಲ್ಲವಾದರೆ ಕಾರಣವನ್ನು ಬೇರೆ ಕಡೆ ಹುಡುಕಿ. ಇಷ್ಟನ್ನು ತಿಳಿಯಲು ಓಡುತ್ತಿರುವ ಒಂದು ಜಾಬ್‌ಗೂ ಕೈ ಹಚ್ಚಬೇಕಿಲ್ಲ. ಸ್ಲರ್ಮ್ ಎಂಬ ಇನ್ನೊಂದು ಶೆಡ್ಯೂಲರ್ ಬಳಸುವವರಿಗೆ 'ಎಸ್‌ಕಂಟ್ರೋಲ್ ಶೋ ಕಾನ್ಫಿಗ್' ಇಂಥದೇ ಕೆಲಸ ಮಾಡಿಕೊಡುತ್ತದೆ. ಅದು ಮಾತಾಡುವುದು ನೇರವಾಗಿ ಕಂಟ್ರೋಲರ್ ಎಂಬ ಸ್ಲರ್ಮ್‌ನ ಮುಖ್ಯ ಡೀಮನ್ ಜೊತೆ.

ಡೀಮನ್ ಹಳೆಯದನ್ನೇ ಹಿಡಿದಿದ್ದರೆ 'ಕಾಂಡರ್_ರೀಕಾನ್ಫಿಗ್' ಎಂಬ ಕಮಾಂಡ್ ಸಾಕು. ಓಡುತ್ತಿರುವಾಗಲೇ ಫೈಲನ್ನು ಮತ್ತೆ ಓದಿಸುವ ಈ ಉಪಾಯ ಯುನಿಕ್ಸ್ ಲೋಕದಲ್ಲಿ ಹಳೆಯದು. ಟೆಲಿಫೋನ್ ತಂತಿಯಲ್ಲಿ ಬಂದ ಬಳಕೆದಾರನ ಸಂಪರ್ಕ ಕಡಿದುಹೋದಾಗ ಅವನ ಪ್ರೋಗ್ರಾಂಗೆ ಹೋಗುತ್ತಿದ್ದ ಒಂದು ಸಿಗ್ನಲ್ ಇತ್ತು. ಡೀಮನ್‌ಗೆ ಬಳಕೆದಾರ ಕೂರುವ ಟರ್ಮಿನಲ್ಲೇ ಇಲ್ಲವಾದ್ದರಿಂದ ಅದಕ್ಕೆ ಆ ಸಿಗ್ನಲ್‌ನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಹಾಗೆ ಖಾಲಿ ಬಿದ್ದಿದ್ದನ್ನು 'ಸೆಟ್ಟಿಂಗ್ ಮತ್ತೆ ಓದು' ಎಂಬ ಸೂಚನೆಯಾಗಿ ಬಳಸಿಕೊಂಡರು.

ರೀಸ್ಟಾರ್ಟ್ ನಿಜವಾಗಿ ಬೇಕಾಗುವ ಸೆಟ್ಟಿಂಗ್‌ಗಳೂ ಇವೆ, ಆದರೆ ಅವು ಕೆಲವೇ: ಯಂತ್ರದಲ್ಲಿ ಎಷ್ಟು ಸಿಪಿಯು ಇವೆಯೆಂದು ಲೆಕ್ಕ ಹಿಡಿಯುವುದು, ಯಾವ ನೆಟ್‌ವರ್ಕ್ ದಾರಿ ಬಳಸುವುದು, ಇಂಥವು. ಕೈಪಿಡಿಯಲ್ಲಿ ಅವನ್ನು ಹೆಸರು ಹಿಡಿದು ಪಟ್ಟಿ ಮಾಡಿದ್ದಾರೆ.

ಫೈಲ್ ಮುಟ್ಟದೆ ಕಮಾಂಡ್‌ನಿಂದಲೇ ಬೆಲೆ ಬದಲಿಸಲೂ ಬರುತ್ತದೆ. '-ಆರ್‌ಸೆಟ್' ಬಳಸಿದರೆ ಹೊಸ ಬೆಲೆ ಮುಂದಿನ ರೀಸ್ಟಾರ್ಟ್‌ವರೆಗೆ ಮಾತ್ರ. '-ಸೆಟ್' ಬಳಸಿದರೆ ಡಿಸ್ಕಿಗೆ ಹೋಗಿ ಅಲ್ಲೇ ಉಳಿಯುತ್ತದೆ. ಎರಡಕ್ಕೂ ರೀಕಾನ್ಫಿಗ್ ಬೇಕೇಬೇಕು. ಈ ಸೌಲಭ್ಯವನ್ನು ಮೊದಲಿನಿಂದಲೇ ಮುಚ್ಚಿಟ್ಟಿರುತ್ತಾರೆ, ಅದು ಸರಿಯೂ ಹೌದು. ಯಾವ ಪ್ರೋಗ್ರಾಂ ಓಡಬೇಕು ಎಂಬುದೂ ಒಂದು ಸೆಟ್ಟಿಂಗೇ ಆಗಿರುವ ವ್ಯವಸ್ಥೆಯಲ್ಲಿ, ಬೆಲೆ ಬದಲಿಸಬಲ್ಲವನಿಗೆ ಇಡೀ ಯಂತ್ರವೇ ಕೈವಶವಾಗುತ್ತದೆ. ತೆರೆಯಲೇಬೇಕಾದರೆ ಯಾರು, ಯಾವ ಯಾವ ಸೆಟ್ಟಿಂಗ್ ಮುಟ್ಟಬಹುದೆಂದು ಒಂದೊಂದಾಗಿ ಹೆಸರಿಸಿ ತೆರೆಯಬೇಕು.