ಉಸಿರಿನ ನಳಿಕೆಯೇ ಸೋಂಕಿನ ದಾರಿಯಾದಾಗ

ಮಕ್ಕಳ ಐಸಿಯುವಿನ ಹೊರಗೆ ಕಾದು ಕುಳಿತ ತಂದೆ-ತಾಯಿ ‘ವೆಂಟಿಲೇಟರ್ ಹಾಕಿದ ಮೇಲೆಯೇ ಮಗುವಿಗೆ ನ್ಯುಮೋನಿಯಾ ಆಯಿತು’ ಎಂದು ಹೇಳುವುದುಂಟು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಸೋಂಕು ಯಂತ್ರದಿಂದ ಗಾಳಿಯೊಂದಿಗೆ ಹರಿದು ಬಂತೆಂಬ ಊಹೆ ಸಾಮಾನ್ಯವಾಗಿ ಸರಿಯಲ್ಲ. ಬಹುತೇಕ ಸಂದರ್ಭಗಳಲ್ಲಿ ಅದು ಇಳಿಯುವುದು ಮಗುವಿನದೇ ಬಾಯಿ ಮತ್ತು ಗಂಟಲಿನಿಂದ.

ಆರೋಗ್ಯವಂತ ಮಗುವಿನ ಗಂಟಲಿನಲ್ಲಿ ಧ್ವನಿಪೆಟ್ಟಿಗೆ ಮುಚ್ಚಿಕೊಂಡು ಜೊಲ್ಲನ್ನು ತಡೆಯುತ್ತದೆ, ತಪ್ಪಿ ಒಳಗಿಳಿದದ್ದನ್ನು ಕೆಮ್ಮು ಹೊರದೂಡುತ್ತದೆ, ಶ್ವಾಸನಾಳದ ಒಳಗೋಡೆಯ ಸೂಕ್ಷ್ಮ ರೋಮಗಳು ಕಫವನ್ನು ಎಡೆಬಿಡದೆ ಮೇಲಕ್ಕೆ ಗುಡಿಸುತ್ತಿರುತ್ತವೆ. ವೆಂಟಿಲೇಟರಿಗೆ ಜೋಡಿಸುವ ಉಸಿರಾಟದ ನಳಿಕೆಯನ್ನು ಶ್ವಾಸನಾಳಕ್ಕೆ ಇಳಿಸಿದಾಗ ಧ್ವನಿಪೆಟ್ಟಿಗೆ ತೆರೆದೇ ಉಳಿಯುತ್ತದೆ, ನಿದ್ರೆಯ ಔಷಧಿಯಿಂದ ಕೆಮ್ಮು ಕುಗ್ಗುತ್ತದೆ, ರೋಮಗಳ ಕೆಲಸಕ್ಕೂ ಅಡ್ಡಿಯಾಗುತ್ತದೆ. ನಳಿಕೆಯ ತುದಿಯ ಬಳಿ ಉಬ್ಬಿಸುವ ಪುಟ್ಟ ಬಲೂನಿನ ಮೇಲ್ಭಾಗದಲ್ಲಿ ಜೊಲ್ಲು ಮಡುಗಟ್ಟಿ, ಬಲೂನಿಗೂ ನಾಳದ ಗೋಡೆಗೂ ನಡುವಿನ ಸಂದುಗಳಲ್ಲಿ ತೊಟ್ಟುತೊಟ್ಟಾಗಿ ಕೆಳಗೆ ಜಿನುಗುತ್ತದೆ. ನಳಿಕೆಯ ಒಳಮೈಗೂ ಬ್ಯಾಕ್ಟೀರಿಯಾಗಳು ಅಂಟಿಕೊಂಡು ಲೋಳೆಯ ಪದರ ಕಟ್ಟುತ್ತವೆ. ಆಂಟಿಬಯಾಟಿಕ್‌ಗಳು ಆ ಪದರದೊಳಗೆ ಸುಲಭವಾಗಿ ನಾಟುವುದಿಲ್ಲ. ನಳಿಕೆ ಹಾಕಿ 48 ಗಂಟೆಗಳು ಕಳೆದ ಬಳಿಕ ಕಾಣಿಸಿಕೊಳ್ಳುವ ಇಂಥ ನ್ಯುಮೋನಿಯಾದಲ್ಲಿ ಭಾರತದ ಐಸಿಯುಗಳ ವೈದ್ಯರು ಹೆಚ್ಚಾಗಿ ಕಾಣುವುದು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಮತ್ತು ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾಗಳನ್ನು. ಹಲವು ಔಷಧಿಗಳಿಗೆ ಬಗ್ಗದ ಜಾತಿಗಳಿವು.

ಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅವರ ಶ್ವಾಸನಾಳಕ್ಕೆ ಪೆಟ್ಟಾದೀತೆಂಬ ಭಯದಿಂದ ಬಹುಕಾಲ ಬಲೂನಿಲ್ಲದ ನಳಿಕೆಗಳನ್ನೇ ಬಳಸಲಾಗುತ್ತಿತ್ತು. ಇಂದು ಬಲೂನಿರುವ ನಳಿಕೆಗೆ ಆದ್ಯತೆ ಹೆಚ್ಚಿದ್ದರೂ ಅದರ ಒತ್ತಡವನ್ನು ಅಳೆದು ಮಿತಿಯಲ್ಲಿಡಬೇಕು: ಕಡಿಮೆಯಾದರೆ ಜೊಲ್ಲು ಸೋರುತ್ತದೆ, ಹೆಚ್ಚಾದರೆ ನಾಳದ ಒಳಪದರಕ್ಕೆ ರಕ್ತ ಹರಿಯುವುದಿಲ್ಲ. ಹಸುಗೂಸಿನ ನಳಿಕೆಯ ಒಳವ್ಯಾಸ ಸುಮಾರು 3.5 ಮಿಲಿಮೀಟರ್ ಮಾತ್ರವಾದ್ದರಿಂದ, ಸ್ವಲ್ಪವೇ ಕಫ ಅಂಟಿದರೂ ಗಾಳಿಯ ದಾರಿ ಇಕ್ಕಟ್ಟಾಗುತ್ತದೆ.

ರೋಗವನ್ನು ಗುರುತಿಸುವುದೇ ನಿಜವಾದ ಸವಾಲೆಂದು ನನಗೆ ತೋರುತ್ತದೆ. ಎಕ್ಸ್-ರೇಯಲ್ಲಿ ಕಾಣುವ ಬಿಳಿ ಛಾಯೆ ಸೋಂಕಿರಬಹುದು, ಕುಸಿದ ಶ್ವಾಸಕೋಶದ ಭಾಗವಿರಬಹುದು, ತುಂಬಿಕೊಂಡ ನೀರೂ ಇರಬಹುದು. ನಳಿಕೆಯಿಂದ ಎಳೆದ ಕಫದಲ್ಲಿ ಬ್ಯಾಕ್ಟೀರಿಯಾ ಬೆಳೆಯಿತೆಂದ ಮಾತ್ರಕ್ಕೆ ನ್ಯುಮೋನಿಯಾ ಇದೆಯೆಂದಲ್ಲ. ಅದು ಅಲ್ಲಿ ನೆಲೆಸಿರಬಹುದಷ್ಟೇ. ಈ ಗೊಂದಲದಿಂದಾಗಿಯೇ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ 2019ರಲ್ಲಿ ಮಕ್ಕಳಿಗಾಗಿ ಹೊಸ ನಿಗಾ ಮಾನದಂಡವೊಂದನ್ನು ಜಾರಿಗೆ ತಂದಿತು. ಮಗು ಸ್ಥಿರವಾಗಿದ್ದ ಬಳಿಕ ಆಮ್ಲಜನಕದ ಅಥವಾ ವಾಯುಒತ್ತಡದ ಅಗತ್ಯ ನಿಗದಿತ ಪ್ರಮಾಣಕ್ಕಿಂತ ಏರಿತೇ ಎಂಬುದನ್ನು ಅದು ಲೆಕ್ಕಿಸುತ್ತದೆ. ಆದರೆ ಇದು ಆಸ್ಪತ್ರೆಗಳ ಅಂಕಿ-ಅಂಶಕ್ಕಾಗಿ ಇರುವ ಅಳತೆ. ಹಾಸಿಗೆಯ ಪಕ್ಕದಲ್ಲಿ ನಿಂತ ವೈದ್ಯರಿಗೆ ಜ್ವರ, ಕಫದ ಬಣ್ಣ, ರಕ್ತಪರೀಕ್ಷೆಗಳನ್ನು ಒಟ್ಟಿಗಿಟ್ಟು ತೂಗಿ ನೋಡದೆ ಗತ್ಯಂತರವಿಲ್ಲ. ಅನುಮಾನವಿದ್ದಾಗಲೆಲ್ಲ ಆಂಟಿಬಯಾಟಿಕ್ ಸುರಿದರೆ ಮುಂದಿನ ಮಗುವಿಗೆ ಇನ್ನೂ ಬಲಿಷ್ಠವಾದ ಬ್ಯಾಕ್ಟೀರಿಯಾ ಕಾದಿರುತ್ತದೆ.

ತಡೆಗಟ್ಟುವ ಕ್ರಮಗಳು ಸರಳವಾಗಿವೆ, ಅವುಗಳನ್ನು ದಿನದ ಮೂರೂ ಪಾಳಿಗಳಲ್ಲಿ ಬಿಡದೆ ಪಾಲಿಸುವುದೇ ಕಷ್ಟ. ಪ್ರತಿ ಸಲ ಮುಟ್ಟುವ ಮೊದಲೂ ನಂತರವೂ ಕೈ ಶುಚಿ ಮಾಡಿಕೊಳ್ಳುವುದು, ತಲೆಯ ಭಾಗವನ್ನು ಎತ್ತರಿಸುವುದು, ಬಾಯಿಯನ್ನು ಸ್ವಚ್ಛವಾಗಿಡುವುದು, ವೆಂಟಿಲೇಟರಿನ ಕೊಳವೆಯಲ್ಲಿ ನಿಂತ ನೀರು ಮಗುವಿನ ಕಡೆಗೆ ಹರಿಯದಂತೆ ಹೊರಚೆಲ್ಲುವುದು, ಆ ಕೊಳವೆಗಳನ್ನು ಕೊಳೆಯಾದ ಹೊರತು ಬದಲಿಸದಿರುವುದು. ಬಾಯಿ ಶುಚಿಗೆ ಬಹುವಾಗಿ ಬಳಕೆಯಲ್ಲಿದ್ದ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಮಕ್ಕಳಲ್ಲಿ ಸ್ಪಷ್ಟ ಲಾಭ ಕಂಡುಬಂದಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು ನಳಿಕೆ ಒಳಗಿರುವ ದಿನಗಳನ್ನು ಕಡಿಮೆ ಮಾಡುವುದು. ಸಾಧ್ಯವಿರುವಲ್ಲಿ ಮೂಗಿನ ಮೂಲಕವೇ ಒತ್ತಡದ ಗಾಳಿ ಕೊಟ್ಟು ನಳಿಕೆಯನ್ನು ತಪ್ಪಿಸಲಾಗುತ್ತದೆ. ಹಾಕಲೇಬೇಕಾದಾಗ, ನಿದ್ರೆಯ ಔಷಧಿಯನ್ನು ಇಳಿಸಿ, ಮಗು ತಾನೇ ಉಸಿರಾಡಬಲ್ಲದೇ ಎಂದು ಪ್ರತಿದಿನ ಪರೀಕ್ಷಿಸಲಾಗುತ್ತದೆ. ಹಾಗೆಂದು ಅವಸರವೂ ಸಲ್ಲದು. ಬೇಗ ತೆಗೆದು ಮತ್ತೆ ನಳಿಕೆ ಇಳಿಸಬೇಕಾಗಿ ಬಂದರೆ, ಗಂಟಲಿನ ಜೊಲ್ಲು ಒಳಸರಿದು ನ್ಯುಮೋನಿಯಾದ ಅಪಾಯ ಇನ್ನಷ್ಟು ಹೆಚ್ಚುತ್ತದೆ.